ರಾಜೀನಾಮೆ ಬರೆದುಕೊಡು ಅಂದರೆ ಬರೆಯಬೇಡಿ

ಪ್ರಶ್ನೆ: ಗೋಕರ್ಣದ ಹತ್ತಿರ ಒಂದು ರೆಸಾರ್ಟಿನಲ್ಲಿ ಆರು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಸಂಬಳ 17,500 ರೂಪಾಯಿ, ಬ್ಯಾಂಕ್ ಖಾತೆಗೆ ಬರುತ್ತಿತ್ತು. ಒಟ್ಟು ಇಪ್ಪತ್ತೈದು ಜನ ಕೆಲಸಕ್ಕಿದ್ದೇವೆ. ಕಳೆದ ವಾರ ಮ್ಯಾನೇಜರ್ ಕರೆದು, ಸ್ಟಾಕಿನಲ್ಲಿ ಕೊರತೆ ಬಂದಿದೆ, ರಾಜೀನಾಮೆ ಬರೆದುಕೊಟ್ಟರೆ 25,000 ಕೊಡುತ್ತೇವೆ, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್ ಅಂದರು. ನಾನು ಬರೆಯಲಿಲ್ಲ. ಮರುದಿನ ಗೇಟಿನಲ್ಲೇ ತಡೆದರು. ವಾಟ್ಸ್‌ಆ್ಯಪ್ ಗ್ರೂಪಿನಿಂದಲೂ ತೆಗೆದರು. ಹೋದ ತಿಂಗಳ ಸಂಬಳ ಬಂದಿಲ್ಲ. ನೇಮಕ ಪತ್ರ ಇಲ್ಲ, ಆದರೆ ವರ್ಷಕ್ಕೊಮ್ಮೆ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನೀನು ಸೂಪರ್‌ವೈಸರ್, ಲೇಬರ್ ಆಫೀಸಿಗೆ ಹೋದರೂ ಏನೂ ಆಗುವುದಿಲ್ಲ ಅನ್ನುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲ. ಇನ್ನೊಂದು ವಿಷಯ, ನನ್ನ ಹೆಂಡತಿ ಖಾಸಗಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡು ತಿಂಗಳ ಹಿಂದೆ ಆದೇಶ ಕೊಟ್ಟು ಅವಳನ್ನೂ ತೆಗೆದಿದ್ದಾರೆ. ಇಬ್ಬರದ್ದೂ ಒಟ್ಟಿಗೆ ಅರ್ಜಿ ಹಾಕಬಹುದಾ?
ಓದುಗರು, ಕುಮಟಾ ತಾಲೂಕು

ಉತ್ತರ:

ಬರೆಯದೆ ಎದ್ದು ಬಂದಿರಲ್ಲ, ಅರ್ಧ ಕೇಸು ಅಲ್ಲೇ ಉಳಿಯಿತು.

ಯಾಕೆ ಅಂತ ಹೇಳುತ್ತೇನೆ. ಒಬ್ಬ ಕೆಲಸಗಾರನನ್ನು ತೆಗೆಯಬೇಕಾದರೆ ಮಾಲೀಕನಿಗೆ ಕಾನೂನಿನಲ್ಲಿ ಎರಡೇ ದಾರಿ. ಅವನು ತಪ್ಪು ಮಾಡಿದ್ದಾನೆ ಅನ್ನುವುದಾದರೆ ಆರೋಪವನ್ನು ಬರೆದುಕೊಟ್ಟು, ಉತ್ತರ ಕೇಳಿ, ವಿಚಾರಣೆ ನಡೆಸಿ ಆಮೇಲೆ ತೆಗೆಯಬೇಕು. ತಪ್ಪೇನಿಲ್ಲ, ಕೆಲಸ ಇಲ್ಲ ಅಥವಾ ಜನ ಜಾಸ್ತಿಯಾಗಿದ್ದಾರೆ ಅನ್ನುವುದಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು ಅಥವಾ ಅಷ್ಟು ದಿನದ ಸಂಬಳ ಕೊಡಬೇಕು, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ದುಡ್ಡು ಬೇಕು. ರಾಜೀನಾಮೆಗೆ ಎರಡೂ ಬೇಡ, ಒಂದು ಹಾಳೆ ಸಾಕು. ನೀವಾಗಿಯೇ ಬಿಟ್ಟಿರಿ ಅಂತಾದ ಮೇಲೆ ತೆಗೆದರು ಅನ್ನುವ ಮಾತೇ ಬರುವುದಿಲ್ಲ. ಹೆದರಿಸಿ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊಣೆ ನಿಮ್ಮ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಅವರು ನಿಮ್ಮ ಮುಂದೆ ಪೆನ್ನು ಹಿಡಿದದ್ದು.

ಇದನ್ನು ಓದುತ್ತಿರುವವರಲ್ಲಿ ಆಗಲೇ ಬರೆದುಕೊಟ್ಟವರೂ ಇರುತ್ತಾರೆ. ಅವರು ಇವತ್ತೇ ಇನ್ನೊಂದು ಪತ್ರ ಬರೆಯಬೇಕು. ಇಂಥ ದಿನ, ಇಂಥವರ ಎದುರು, ಇಂಥ ಬೆದರಿಕೆ ಹಾಕಿ ಬರೆಸಿಕೊಂಡಿದ್ದಾರೆ, ಅದು ನನ್ನ ಇಚ್ಛೆಯಿಂದ ಬರೆದದ್ದಲ್ಲ, ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕೆಲಸಕ್ಕೆ ಬರಲು ಸಿದ್ಧನಿದ್ದೇನೆ ಅಂತ. ಎರಡು ದಿನದಲ್ಲಿ ಹೋದ ಪತ್ರಕ್ಕೂ ಎರಡು ತಿಂಗಳು ಬಿಟ್ಟು ಹೋದ ಪತ್ರಕ್ಕೂ ಕೋರ್ಟಿನಲ್ಲಿ ತುಂಬಾ ವ್ಯತ್ಯಾಸ ಇದೆ. ಎರಡು ತಿಂಗಳು ಸುಮ್ನೆ ಕೂತು, ಕೊಟ್ಟ ದುಡ್ಡನ್ನೂ ಖರ್ಚು ಮಾಡಿ, ಆಮೇಲೆ ಒತ್ತಾಯ ಮಾಡಿದರು ಅಂದರೆ ನಂಬುವವರು ಕಡಿಮೆ.

ನಿಮ್ಮ ವಿಷಯಕ್ಕೆ ಬರೋಣ. ಈ ವಾರ ಮಾಡಬೇಕಾದ ಕೆಲಸವೂ ಒಂದು ಪತ್ರವೇ. ಗೇಟಿನಲ್ಲಿ ಬಾಯಿಮಾತಿನಲ್ಲಿ ತಡೆದಿದ್ದಾರೆ, ಕಾಗದ ಕೊಟ್ಟಿಲ್ಲ. ಹೀಗೆ ಮಾಡಿದವರು ಮುಂದೆ ಏನು ಹೇಳುತ್ತಾರೆ ಗೊತ್ತಾ? ನಾವು ತೆಗೆದೇ ಇಲ್ಲ, ಅವನೇ ಹೇಳದೆ ಕೇಳದೆ ಬರುವುದನ್ನು ಬಿಟ್ಟ ಅಂತ. ಲೇಬರ್ ಆಫೀಸಿನಲ್ಲಿ ಇದಕ್ಕಿಂತ ಹಳೆಯ ಉತ್ತರ ಇನ್ನೊಂದಿಲ್ಲ. ಗೈರುಹಾಜರಿ ಅಂತ ಹೆಸರು ಹೊಡೆದುಹಾಕುವುದಕ್ಕೂ ಕೆಲಸಗಾರನ ಮಾತು ಕೇಳಿ ವಿಚಾರಣೆ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ. ಆದರೂ ಆ ಉತ್ತರ ಹುಟ್ಟುವ ಮೊದಲೇ ನಿಮ್ಮ ಪತ್ರ ಅವರ ಕೈಯಲ್ಲಿರಲಿ.

ದೊಡ್ಡ ಭಾಷೆ ಬೇಡ. ಕನ್ನಡದಲ್ಲೇ ಬರೆಯಿರಿ. ಇಷ್ಟು ವರ್ಷದಿಂದ ಇಂಥ ಕೆಲಸ ಮಾಡುತ್ತಿದ್ದೇನೆ, ಇಂಥ ದಿನ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಗೇಟಿನಲ್ಲಿ ತಡೆದರು, ಕಾರಣ ಬರೆದುಕೊಟ್ಟಿಲ್ಲ, ರಾಜೀನಾಮೆ ಕೇಳಿದಿರಿ, ನಾನು ಕೊಟ್ಟಿಲ್ಲ, ಸ್ಟಾಕ್ ಕೊರತೆ ಎಂಬ ಆರೋಪ ಸುಳ್ಳು, ಈಗಲೂ ಕೆಲಸ ಮಾಡಲು ಸಿದ್ಧನಿದ್ದೇನೆ, ಬಾಕಿ ಸಂಬಳ ಕೊಡಿ. ಇಷ್ಟೇ. ಮಾಲೀಕನ ಮನೆಯ ಸುದ್ದಿ, ಮ್ಯಾನೇಜರ್‌ನ ನಡತೆ, ಆರು ವರ್ಷದ ಸಿಟ್ಟು ಯಾವುದೂ ಅದರಲ್ಲಿ ಬೇಡ ಮಾರಾಯ್ರೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. ಅದೇ ಪತ್ರದ ಫೋಟೊವನ್ನು ಮ್ಯಾನೇಜರ್‌ನ ವಾಟ್ಸ್‌ಆ್ಯಪ್‌ಗೂ ಕಳಿಸಿ. ನೀಲಿ ಗೆರೆ ಬಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಫೋನು ಮಾರಬೇಡಿ, ಬದಲಿಸಬೇಡಿ.

ಇನ್ನು ಪೊಲೀಸ್ ಬೆದರಿಕೆ. ನಿಜವಾಗಿಯೂ ಕಳುವಾಗಿದೆ ಅಂತ ನಂಬಿದವನು ಕಳ್ಳನಿಗೆ 25,000 ಕೊಟ್ಟು ಕಳಿಸುತ್ತಾನಾ? ಈ ಪ್ರಶ್ನೆಯನ್ನು ಮುಂದೆ ನಿಮ್ಮ ಪರ ಮಾತಾಡುವವರು ಕೇಳಿಯೇ ಕೇಳುತ್ತಾರೆ. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಠಾಣೆಯಿಂದ ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ, ನೋಟಿಸನ್ನು ಬರಹದಲ್ಲಿ ಕೇಳಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ತಪ್ಪೊಪ್ಪಿಗೆ, ಹಣ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ, ಖಾಲಿ ಹಾಳೆ ಯಾವುದಕ್ಕೂ ಸಹಿ ಬೇಡ. ಠಾಣೆಯಲ್ಲಿ ಕೂರಿಸಿ ರಾಜೀನಾಮೆ ಬರೆಸುವ ಪ್ರಯತ್ನವೂ ನಡೆಯುತ್ತದೆ, ಎಚ್ಚರ.

ಸ್ಟಾಕ್ ಕೊರತೆ ಅಂತ ಸಂಬಳ ಹಿಡಿಯುವುದೂ ಅವರಿಗೆ ಬೇಕಾದ ಹಾಗೆ ಮಾಡುವಂಥದ್ದಲ್ಲ. ನಿಮ್ಮ ಸುಪರ್ದಿಗೆ ಕೊಟ್ಟ ಸರಕು ನಿಮ್ಮ ನಿರ್ಲಕ್ಷ್ಯದಿಂದಲೇ ಹಾಳಾಯಿತು ಅಥವಾ ಕಳೆಯಿತು ಅಂತ ತೋರಿಸಬೇಕು, ಕಡಿತ ಮಾಡುವ ಮೊದಲು ನಿಮ್ಮ ಉತ್ತರ ಕೇಳಬೇಕು. ಸಂಬಳಕ್ಕೆ ಸಂಬಂಧಿಸಿದ ಹೊಸ ಕಾನೂನಾದ ವೇತನ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಸ್ಟೋರಿನ ಬೀಗದ ಕೈ ಇನ್ನೂ ಯಾರ್ಯಾರ ಹತ್ತಿರ ಇತ್ತು, ಅಡಿಗೆಯವರು ರಾತ್ರಿ ಹೊತ್ತು ಚೀಟಿ ಇಲ್ಲದೆ ಸಾಮಾನು ತೆಗೆಯುತ್ತಿದ್ದರಾ, ಕೊನೆಯ ಸ್ಟಾಕ್ ಎಣಿಕೆ ಯಾವಾಗ ಆಯಿತು, ಅದಕ್ಕೆ ಯಾರು ಸಹಿ ಹಾಕಿದರು, ಇವೆಲ್ಲ ನೆನಪಿರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ವಿಚಾರಣೆಯನ್ನೇ ಮಾಡದ ಮಾಲೀಕನಿಗೆ ಮುಂದೆ ಕೋರ್ಟಿನ ಅನುಮತಿ ಪಡೆದು ಅಲ್ಲೇ ಆರೋಪ ಸಾಬೀತು ಮಾಡಲು ಅವಕಾಶ ಇದೆ. ಆದ್ದರಿಂದ ವಿಚಾರಣೆ ಮಾಡಿಲ್ಲ, ನಾನು ಗೆದ್ದೆ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಸೂಪರ್‌ವೈಸರ್ ಅನ್ನುವ ಮಾತು ನೋಡೋಣ. ಬಾಗಿಲ ಮೇಲೆ ಏನು ಬರೆದಿದೆ ಅನ್ನುವುದು ಮುಖ್ಯ ಅಲ್ಲ, ದಿನವಿಡೀ ನೀವು ಮಾಡುತ್ತಿದ್ದ ಕೆಲಸ ಯಾವುದು ಅನ್ನುವುದು ಮುಖ್ಯ. ಬಂದ ಸಾಮಾನು ಎಣಿಸುವುದು, ಪುಸ್ತಕದಲ್ಲಿ ಬರೆಯುವುದು, ಚೀಟಿ ನೋಡಿ ಕೊಡುವುದು ಗುಮಾಸ್ತನ ಕೆಲಸ. ಯಾರಿಗಾದರೂ ರಜೆ ಮಂಜೂರು ಮಾಡುತ್ತಿದ್ದಿರಾ? ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ, ಬಿಡಿಸುವ ಅಧಿಕಾರ ಇತ್ತಾ? ಇರಲಿಲ್ಲ ತಾನೇ. ಎಸ್.ಕೆ. ಮೈನಿ ಪ್ರಕರಣದಲ್ಲಿ (1994) ಸುಪ್ರೀಂ ಕೋರ್ಟ್ ಹುದ್ದೆಯ ಹೆಸರನ್ನು ಬದಿಗಿಟ್ಟು ಮುಖ್ಯ ಕೆಲಸ ಯಾವುದು ಅಂತಲೇ ನೋಡಿತು. ಅಲ್ಲಿ ಸೋತದ್ದು ಅಂಗಡಿಯ ಮ್ಯಾನೇಜರ್, ಯಾಕೆಂದರೆ ಆತ ನಿಜಕ್ಕೂ ಅಂಗಡಿ ನಡೆಸುತ್ತಿದ್ದ. ಅಷ್ಟೇ ಅಲ್ಲ, ನೀವು ನಿಜವಾಗಿ ಸೂಪರ್‌ವೈಸರ್ ಅಂತಲೇ ಇಟ್ಟುಕೊಳ್ಳಿ. ಹಳೆಯ ಕಾನೂನಿನಲ್ಲಿ ತಿಂಗಳಿಗೆ 10,000ಕ್ಕಿಂತ ಜಾಸ್ತಿ ಪಡೆಯುವ ಸೂಪರ್‌ವೈಸರ್ ಹೊರಗೆ ಉಳಿಯುತ್ತಿದ್ದ. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಮಿತಿ 18,000. ನಿಮ್ಮದು 17,500. ಮ್ಯಾನೇಜರ್ ಹಳೆಯ ಪುಸ್ತಕ ಓದಿ ಹೇಳಿದ ಹಾಗಿದೆ.

ಹೌದು, ಕಾನೂನು ಬದಲಾಗಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಸಂಬಳಕ್ಕೆ ವೇತನ ಸಂಹಿತೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಹಣ) ಮತ್ತು ಪಿಎಫ್‌ಗೆ ಸಾಮಾಜಿಕ ಭದ್ರತಾ ಸಂಹಿತೆ. ನಿಮಗೆ ಇದರಲ್ಲಿ ತಿಳಿದಿರಬೇಕಾದದ್ದು ಮುಖ್ಯವಾಗಿ ಗಡುವು. ಮೊದಲು ಕೆಲಸ ಹೋದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬಹುದಿತ್ತು. ಈಗ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ, ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರಿ, ಅದನ್ನು ಮುಟ್ಟುವಂತಿಲ್ಲ. ಹಬ್ಬ ಮುಗಿಯಲಿ, ಸೀಸನ್ ಮುಗಿಯಲಿ, ಮಾಲೀಕರು ಊರಿಗೆ ಬರಲಿ ಅಂತ ದಿನ ದೂಡುವವರೇ ನಮ್ಮಲ್ಲಿ ಜಾಸ್ತಿ.

ನಿಮ್ಮ ಕೇಸಿನಲ್ಲಿ ನನಗೆ ಅಳುಕಿರುವುದು ಆ ಇಂಗ್ಲಿಷ್ ಕಾಗದದ ಬಗ್ಗೆ. ಅದು ಹನ್ನೊಂದು ತಿಂಗಳ ಅಥವಾ ಒಂದು ವರ್ಷದ ಕರಾರು ಆಗಿರಬಹುದು. ನಿಗದಿತ ಅವಧಿಯ ನೇಮಕ ಅಂತಾದರೆ, ಅವಧಿ ಮುಗಿದು ಕೆಲಸ ನಿಂತದ್ದಕ್ಕೆ ಈ 15 ದಿನದ ಲೆಕ್ಕದ ಪರಿಹಾರ ಬರುವುದಿಲ್ಲ. ಅವರ ವಕೀಲರು ಮೊದಲು ಹಿಡಿಯುವುದು ಅದನ್ನೇ. ಆದರೆ ನಿಮ್ಮನ್ನು ತಡೆದ ದಿನಕ್ಕೂ ಕರಾರು ಮುಗಿಯುವ ದಿನಕ್ಕೂ ತಾಳೆ ಆಗುತ್ತದಾ ನೋಡಬೇಕು. ನಡುವೆಯೇ ತೆಗೆದಿದ್ದರೆ ಆ ವಾದ ಅಲ್ಲೇ ಬೀಳುತ್ತದೆ. ಇನ್ನೂ ಒಂದಿದೆ. ವರ್ಷಪೂರ್ತಿ ಇರುವ ಕೆಲಸಕ್ಕೆ ಒಬ್ಬನನ್ನೇ ವರ್ಷಗಟ್ಟಲೆ ತಾತ್ಕಾಲಿಕ ಅಂತ ಇಟ್ಟುಕೊಂಡು ಕಾಯಂ ನೌಕರನ ಸವಲತ್ತು ತಪ್ಪಿಸುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿದೆ. ಆ ಕಾಗದದ ಪ್ರತಿಯನ್ನು ನಿಮ್ಮ ಪತ್ರದಲ್ಲೇ ಕೇಳಿ. ಕೊಡುವುದಿಲ್ಲ, ಆದರೂ ಕೇಳಿ. ಕೇಳಿಯೂ ಕೊಡಲಿಲ್ಲ ಅನ್ನುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಜೊತೆಗೆ ದಿನದ ಲೆಕ್ಕ. ತೆಗೆಯುವ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ನಿರಂತರ ಸೇವೆ ಅಂತ ಲೆಕ್ಕ. ಸಂಬಳ ಸಹಿತ ರಜೆ, ವಾರದ ರಜೆ ಸೇರುತ್ತವೆ. ಕಡಲ ದಂಡೆಯ ರೆಸಾರ್ಟುಗಳು ಮಳೆಗಾಲದಲ್ಲಿ ಬಾಗಿಲು ಹಾಕುತ್ತವಲ್ಲ, ಆಗ ನಿಮ್ಮನ್ನು ಮನೆಗೆ ಕಳಿಸುತ್ತಿದ್ದರಾ, ಸಂಬಳ ಬರುತ್ತಿತ್ತಾ? ಸ್ಟೋರ್ ನೋಡಿಕೊಳ್ಳುವವರನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಸಾಮಾನು ಒದ್ದೆಯಾಗದ ಹಾಗೆ ಕಾಯಬೇಕಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಜೂನ್, ಜುಲೈ, ಆಗಸ್ಟ್ ಸಂಬಳ ಕಂಡರೆ ಈ ತಕರಾರು ಮುಗಿಯಿತು.

ನೇಮಕ ಪತ್ರ ಇಲ್ಲ ಅಂತ ಕುಗ್ಗಬೇಡಿ. ಪತ್ರ ಕೊಡದಿರುವುದು ಅವರ ತಪ್ಪು, ನಿಮ್ಮದಲ್ಲ. ಆರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಸೀಲ್ ಹಾಕಿಸಿ ತನ್ನಿ. ಪಿಎಫ್ ಇದ್ದರೆ ಯುಎಎನ್ (ಪಿಎಫ್ ನಂಬರ್) ಪಾಸ್‌ಬುಕ್ ಡೌನ್‌ಲೋಡ್ ಮಾಡಿ, ಅದರಲ್ಲಿ ಸಂಸ್ಥೆಯ ಹೆಸರು, ತಿಂಗಳು ಎಲ್ಲ ಇರುತ್ತದೆ. ಇಎಸ್ಐ ಕಾರ್ಡ್, ಡ್ಯೂಟಿ ಚಾರ್ಟಿನ ಫೋಟೊ, ಗ್ರೂಪಿನ ಹಳೆಯ ಸಂದೇಶಗಳು ಇರಲಿ. ನಿಮಗೆ ಇನ್ನೂ ಒಂದು ಅನುಕೂಲ ಇದೆ. ಸ್ಟೋರಿನವರಾದ್ದರಿಂದ ಕುಮಟಾದ ಕಿರಾಣಿ ಸಗಟು ಅಂಗಡಿ, ತರಕಾರಿಯವರು, ಮೀನು ತಂದುಕೊಡುವವರು, ಗ್ಯಾಸ್ ಏಜೆನ್ಸಿ, ಎಲ್ಲರ ಬಿಲ್ಲಿನ ಮೇಲೂ ಸರಕು ಮುಟ್ಟಿದೆ ಅಂತ ನಿಮ್ಮದೇ ಸಹಿ ಇರುತ್ತದೆ. ಅವರ ಕಡೆಯ ಪ್ರತಿಗಳು ಅವರ ಹತ್ತಿರ ಇರುತ್ತವೆ. ಅಂಥ ನಾಲ್ಕು ಬಿಲ್ಲಿನ ಪ್ರತಿ ಸಿಕ್ಕರೆ ಸಾಕು.

ಒಂದು ಮಾತ್ರ ಮಾಡಬೇಡಿ. ರೆಸಾರ್ಟಿನ ರಿಜಿಸ್ಟರ್, ಸ್ಟಾಕ್ ಪುಸ್ತಕ ಯಾರಿಂದಲಾದರೂ ಹೊರಗೆ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಲ್ಲದ ಕಳ್ಳತನ ಆಗ ಇದ್ದದ್ದಾಗುತ್ತದೆ. ಆ ಪುಸ್ತಕಗಳನ್ನು ಹಾಜರುಪಡಿಸಿ ಅಂತ ಕೋರ್ಟಿನ ಮೂಲಕ ಕೇಳಬಹುದು. ನಮ್ಮ ರಾಜ್ಯದಿಂದಲೇ ಹೋದ ಆರ್.ಎಂ. ಯೆಲ್ಲಟ್ಟಿ ಪ್ರಕರಣದಲ್ಲಿ 240 ದಿನ ಕೆಲಸ ಮಾಡಿದ್ದನ್ನು ಹೇಗೆ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ವಿವರಿಸಿದೆ. ಕೆಲಸಗಾರ ಕಟಕಟೆಯಲ್ಲಿ ನಿಂತು ಹೇಳಬೇಕು, ಹಾಜರಿ ಪುಸ್ತಕ ತರಿಸಿ ಅಂತ ಕೇಳಬೇಕು. ಬರೀ ಅಫಿಡವಿಟ್ ಸಾಲದು.

ಈಗ ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ನೇರ ಕೋರ್ಟಿಗಲ್ಲ. ಮೊದಲು ಕಾರವಾರದ ಕಾರ್ಮಿಕ ಅಧಿಕಾರಿಯ ಕಛೇರಿ. ದೂರ ಆಯಿತು ಅನ್ನಿಸಿದರೆ ತಾಲೂಕಿನ ಕಾರ್ಮಿಕ ನಿರೀಕ್ಷಕರ ಹತ್ತಿರ ಕೇಳಿದರೂ ದಾರಿ ತೋರಿಸುತ್ತಾರೆ. ನನ್ನನ್ನು ಕೆಲಸದಿಂದ ಅಕ್ರಮವಾಗಿ ತೆಗೆದಿದ್ದಾರೆ, ಹಿಂಬಾಕಿ ಸಂಬಳದೊಂದಿಗೆ (ಹೊರಗಿಟ್ಟ ದಿನಗಳ ಸಂಬಳ) ಮತ್ತೆ ಕೆಲಸ ಕೊಡಿಸಿ, ಸಂಧಾನಕ್ಕೆ ತೆಗೆದುಕೊಳ್ಳಿ ಅಂತ ಅರ್ಜಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಇನ್‌ವರ್ಡ್ ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಅಂದರೆ ಕಾಯಿರಿ.

ಸಂಧಾನದಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅಧಿಕಾರಿ ಎರಡೂ ಕಡೆಯವರಿಗೆ ನೋಟಿಸ್ ಕೊಟ್ಟು ಕರೆಸುತ್ತಾರೆ, ನೀವೇ ಮಾತಾಡಬಹುದು, ಯೂನಿಯನ್ ಇದ್ದರೆ ಅವರ ಪದಾಧಿಕಾರಿ ಮಾತಾಡಬಹುದು. ಮಾಲೀಕರು ಮೊದಲ ಒಂದೆರಡು ತಾರೀಕಿಗೆ ಬರುವುದಿಲ್ಲ, ಆಮೇಲೆ ಮ್ಯಾನೇಜರ್‌ನನ್ನು ಕಳಿಸುತ್ತಾರೆ, ಅವನು ಕೇಳಿ ಹೇಳುತ್ತೇನೆ ಅಂತ ಹೋಗುತ್ತಾನೆ. ಬೇಸರ ಆಗುತ್ತದೆ, ಆದರೂ ಪ್ರತಿ ತಾರೀಕಿಗೂ ಹಾಜರಿ ಹಾಕಿ. ಸಾಮಾನ್ಯವಾಗಿ 45 ದಿನದಲ್ಲಿ ಇದು ಮುಗಿಯಬೇಕು. ಹೊಂದಾಣಿಕೆ ಆಗದಿದ್ದರೆ ಅಧಿಕಾರಿ ವರದಿ ಕೊಡುತ್ತಾರೆ. ವರದಿ ಸಿಕ್ಕ 90 ದಿನದೊಳಗೆ ನೀವೇ ನೇರವಾಗಿ ಟ್ರಿಬ್ಯೂನಲ್‌ಗೆ (ಕಾರ್ಮಿಕ ವಿವಾದ ತೀರ್ಮಾನಿಸುವ ನ್ಯಾಯಮಂಡಳಿ) ಅರ್ಜಿ ಹಾಕಬಹುದು, ಸರ್ಕಾರ ಕಳಿಸಿಕೊಡಲಿ ಅಂತ ಕಾಯಬೇಕಿಲ್ಲ. ಹೊಸ ಟ್ರಿಬ್ಯೂನಲ್‌ಗಳು ರಚನೆಯಾಗುವ ತನಕ ಈಗಿರುವ ಕಾರ್ಮಿಕ ನ್ಯಾಯಾಲಯಗಳೇ ಕೇಸು ನೋಡುತ್ತವೆ. ನಮ್ಮ ಜಿಲ್ಲೆಯವರು ಹೋಗುತ್ತಾ ಬಂದದ್ದು ಹುಬ್ಬಳ್ಳಿಗೆ. ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಸಂಧಾನದ ಹಂತದಲ್ಲೇ ಗಂಭೀರವಾಗಿ ಮಾತಾಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಸಂಬಳದ ಬಾಕಿಗೆ ಬೇರೆ ಅರ್ಜಿ ಹಾಕಿ, ಇದರೊಳಗೆ ತುರುಕಬೇಡಿ. ಕೆಲಸದಿಂದ ತೆಗೆದರೂ ನೀವೇ ಬಿಟ್ಟರೂ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದ್ದು. ಬಾಕಿ ಕೊಡಿಸುವ ಪ್ರಾಧಿಕಾರ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಹಾಕಬಹುದು. ಹತ್ತು ಪಟ್ಟು ಯಾರೂ ಸುಲಭಕ್ಕೆ ಹಾಕುವುದಿಲ್ಲ, ಆದರೆ ಹಾಕಬಹುದು ಅನ್ನುವುದೇ ಮಾಲೀಕನ ಮನಸ್ಸು ಬದಲಿಸುತ್ತದೆ. ಗ್ರಾಚ್ಯುಟಿಗೆ ಮತ್ತೊಂದು ಅರ್ಜಿ. ಹತ್ತು ಜನಕ್ಕಿಂತ ಹೆಚ್ಚು ಇದ್ದೀರಿ, ಐದು ವರ್ಷ ದಾಟಿದೆ, ನಿಮಗೆ ಸಿಗಲೇಬೇಕು. ಎರಡನ್ನೂ ಯಾರ ಮುಂದೆ ಹಾಕಬೇಕು ಅಂತ ಅದೇ ಕಛೇರಿಯಲ್ಲಿ ಹೇಳುತ್ತಾರೆ.

25,000 ಅಂದರಲ್ಲ, ಲೆಕ್ಕ ಹಾಕಿ ನೋಡೋಣ. ಸಂಬಳ ಪೂರ್ತಿ 17,500 ಅಂತಲೇ ಹಿಡಿದರೆ, 15 ದಿನಕ್ಕೆ 8,750ರಂತೆ ಆರು ವರ್ಷಕ್ಕೆ ಪರಿಹಾರ 52,500. ನೋಟಿಸ್ ಬದಲಿನ ಸಂಬಳ 17,500. ಗ್ರಾಚ್ಯುಟಿಗೆ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು, ಆರು ವರ್ಷಕ್ಕೆ ಸುಮಾರು 60,577 ಆಗುತ್ತದೆ. ಹೊಸ ಸಂಹಿತೆಯಲ್ಲಿ ಕೆಲಸ ಕಳೆದುಕೊಂಡವರು ಬೇರೆ ಕೆಲಸ ಕಲಿಯಲಿ ಅಂತ ಮರುಕೌಶಲ ನಿಧಿ ಅಂತ ಒಂದಿದೆ, ಅದಕ್ಕೆ ಮಾಲೀಕ ಕಟ್ಟಬೇಕಾದ 15 ದಿನದ ಸಂಬಳ 8,750 ನಿಮ್ಮ ಖಾತೆಗೆ ಬರಬೇಕು. ಬಾಕಿ ತಿಂಗಳು 17,500. ಒಟ್ಟು 1,56,000ದ ಮೇಲೆ ಹೋಯಿತು. ಬಳಸದ ರಜೆಯನ್ನು ಇದಕ್ಕೆ ಸೇರಿಸಿಲ್ಲ. ಅವರು ಕೆಲಸ ಇಲ್ಲ ಅಂತ ಕಾನೂನು ಪ್ರಕಾರ ತೆಗೆದಿದ್ದರೂ ಇಷ್ಟು ಕೊಡಲೇಬೇಕಿತ್ತು, ಅಕ್ರಮವಾಗಿ ತೆಗೆದದ್ದರ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಪಿಎಫ್ ಹೇಗಿದ್ದರೂ ನಿಮ್ಮದೇ ದುಡ್ಡು, ಅದನ್ನು ಈ ಚೌಕಾಸಿಯಲ್ಲಿ ಸೇರಿಸಲು ಬಿಡಬೇಡಿ. ಪಿಎಫ್ ಬಿಡಿಸಿಕೊಡುತ್ತೇವೆ, ಇಲ್ಲಿ ಸಹಿ ಹಾಕು ಅನ್ನುತ್ತಾರೆ.

ಮಧ್ಯೆ ಅವರು ಯಾವುದಾದರೂ ದುಡ್ಡು ಖಾತೆಗೆ ಹಾಕಿದರೆ ವಾಪಸ್ ಕಳಿಸುವ ಅಗತ್ಯ ಇಲ್ಲ. ಬಂದದ್ದನ್ನು ಬಾಕಿಯ ಒಂದು ಭಾಗ ಅಂತ ತೆಗೆದುಕೊಂಡಿದ್ದೇನೆ, ನನ್ನ ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ಅವತ್ತೇ ಬರೆದು ತಿಳಿಸಿ. ಪೂರ್ಣ ಮತ್ತು ಅಂತಿಮ ಅಂತ ಬರೆದ ರಸೀದಿಗೆ ಮಾತ್ರ ಸಹಿ ಬೇಡ.

ದುಡ್ಡಿಲ್ಲ ಅಂದಿರಿ. ವಕೀಲರು ಬೇಕಾಗುವುದು ಸಂಧಾನ ಮುರಿದ ಮೇಲೆ. ಆಗಲೂ ಪುಕ್ಕಟೆ ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಇದೆ. ಬಡವರಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ, ಅದು ತಪ್ಪು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯದ ಮಿತಿಯೇ ಇಲ್ಲ. ಕಾರವಾರದ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕುಮಟಾ ಕೋರ್ಟಿನಲ್ಲಿ ತಾಲೂಕು ಸಮಿತಿ ಇದೆ. ಆಧಾರ್ ಪ್ರತಿ, ನಿಮ್ಮ ಪತ್ರ, ಸ್ಪೀಡ್ ಪೋಸ್ಟ್ ರಸೀದಿ ಒಯ್ದು ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ಕೊಟ್ಟ ವಕೀಲರು ಫೋನ್ ಎತ್ತುತ್ತಿಲ್ಲ, ತಾರೀಕಿಗೆ ಬರುತ್ತಿಲ್ಲ ಅಂದರೆ ಪ್ರಾಧಿಕಾರಕ್ಕೇ ಬರೆದು ಬದಲಿಸಿಕೊಳ್ಳಬಹುದು, ಸಂಕೋಚ ಬೇಡ. ಕಾರ್ಮಿಕ ಕೇಸು ನಡೆಸಿದವರನ್ನೇ ಕೊಡಿ ಅಂತ ಮೊದಲೇ ಕೇಳಿ. ಜಮೀನು ಕೇಸಿನಲ್ಲಿ ನುರಿತವರು ಇದರಲ್ಲೂ ನುರಿತಿರುತ್ತಾರೆ ಅಂತೇನಿಲ್ಲ.

ಎಷ್ಟು ದಿನ ಹಿಡಿಯುತ್ತದೆ? ಕೋರ್ಟಿಗೆ ಹೋದರೆ ವರ್ಷಗಳು. ಮೇಲೆ ಧಾರವಾಡ ಹೈಕೋರ್ಟ್ ಪೀಠ ಇದೆ, ಸೋತವರು ಅಲ್ಲಿಗೆ ಹೋಗುತ್ತಾರೆ. ತೆಗೆದದ್ದು ಅಕ್ರಮ ಅಂತಾದರೆ ಹಿಂಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ ಅಂತ ಸುಪ್ರೀಂ ಕೋರ್ಟ್ 2013ರ ದೀಪಾಲಿ ಸುರ್ವಸೆ ಪ್ರಕರಣದಲ್ಲಿ ಹೇಳಿದೆ, ಆದರೆ ಮರಳಿ ಕೆಲಸ ಕೊಡಿಸುವ ಬದಲು ಒಂದು ಮೊತ್ತ ಕೊಡಿಸಿ ಮುಗಿಸಿದ ತೀರ್ಪುಗಳೂ ಬೇಕಾದಷ್ಟಿವೆ. ಮನೆ ನಡೆಯಬೇಕು, ಬೇರೆ ಕೆಲಸ ಹುಡುಕಿಕೊಳ್ಳಿ, ಅದರಿಂದ ಕೇಸು ಬೀಳುವುದಿಲ್ಲ. ಆದರೆ ಬೇರೆ ಕಡೆ ದುಡಿದದ್ದನ್ನು ಕೋರ್ಟಿನಲ್ಲಿ ಮುಚ್ಚಿಡಬೇಡಿ, ಸಿಕ್ಕಿಬಿದ್ದರೆ ಹಿಂಬಾಕಿಯೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ನಿಮಗೆ ಆ ಜಾಗಕ್ಕೆ ವಾಪಸ್ ಹೋಗುವ ಮನಸ್ಸು ಇಲ್ಲದಿರಬಹುದು. ಆದರೂ ಅರ್ಜಿಯಲ್ಲಿ ಕೆಲಸ ಮತ್ತು ಹಿಂಬಾಕಿ ಎರಡನ್ನೂ ಕೇಳಿ. ದುಡ್ಡಿನ ಮಾತು ಬರುವಾಗ ಅಳತೆಗೋಲು ಅದೇ ಆಗುತ್ತದೆ.

ನನ್ನನ್ನು ಕೇಳಿದರೆ, ಕಾರ್ಮಿಕ ಅಧಿಕಾರಿಯ ಮುಂದೆ ಮೇಲಿನ ಲೆಕ್ಕಕ್ಕೆ ಕೆಲವು ತಿಂಗಳ ಸಂಬಳ ಸೇರಿಸಿ ಕೊಡುತ್ತೇವೆ, ಪೊಲೀಸ್ ಕಂಪ್ಲೇಂಟ್ ಇಲ್ಲ, ಒಳ್ಳೆಯ ಅನುಭವ ಪತ್ರವೂ ಕೊಡುತ್ತೇವೆ ಅಂತ ಬಂದರೆ ಒಪ್ಪಿಕೊಳ್ಳುವುದು ಬುದ್ಧಿವಂತಿಕೆ. ಆದರೆ ಅದು ಅಧಿಕಾರಿಯ ಮುಂದೆ, ಲಿಖಿತವಾಗಿ, ಹಣ ಬ್ಯಾಂಕಿನ ಮೂಲಕ. ನಮ್ಮ ಕಡೆ ಮಾಲೀಕ ಅಂದರೆ ಹೆಚ್ಚಾಗಿ ಗುರುತಿನವನೇ ಆಗಿರುತ್ತಾನೆ. ಅತ್ತೆ ಮನೆ ಕಡೆಯವನೋ, ದೇವಸ್ಥಾನ ಕಮಿಟಿಯವನೋ. ಊರಿನ ನಾಲ್ಕು ಜನ ಬಂದು ಕೋರ್ಟು ಕಛೇರಿ ಯಾಕೆ, ನಾವೇ ಕೂತು ಮಾತಾಡೋಣ ಅನ್ನುತ್ತಾರೆ. ಮಾತಾಡಿ, ಚಹಾ ಕುಡಿಯಿರಿ, ಆದರೆ ಅರ್ಜಿ ಹಾಕಿ ಸೀಲ್ ಹಾಕಿಸಿಕೊಂಡ ಮೇಲೆ. ಪಂಚಾಯ್ತಿಕೆ ನಡೆಯುತ್ತಿತ್ತು ಅಂದರೆ ಗಡುವು ನಿಲ್ಲುವುದಿಲ್ಲ.

ನಿಮ್ಮ ಹಾಗೇ ಬೇರೆಯವರೂ ಕೇಳುವುದರಿಂದ ಎರಡು ಮಾತು. ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆ ಇಂಥ ಕಡೆ ಗುತ್ತಿಗೆದಾರರ ಅಡಿ ಕೆಲಸ ಮಾಡುವವರದ್ದು ಕೇಂದ್ರ ಕಾರ್ಮಿಕ ಇಲಾಖೆಯ ವ್ಯಾಪ್ತಿ, ರಾಜ್ಯದ ಕಛೇರಿಗೆ ಅರ್ಜಿ ಹಾಕಿ ತಿಂಗಳು ಕಳೆಯಬೇಡಿ. ಶಿರಸಿ ಸಿದ್ದಾಪುರ ಕಡೆ ಸಹಕಾರ ಸಂಘಗಳಲ್ಲಿ ಇರುವವರದ್ದು ಮತ್ತೊಂದು. ಸಂಘ ಮತ್ತು ನೌಕರನ ನಡುವಿನ ಶಿಸ್ತುಕ್ರಮದ ತಕರಾರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನ ಅಡಿ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ಹೋಗಬೇಕು ಅಂತ ಧಾರಪ್ಪ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಇದು ಗೊತ್ತಿಲ್ಲದೆ ಹುಬ್ಬಳ್ಳಿಗೆ ಓಡಾಡಿದರೆ, ವ್ಯಾಪ್ತಿ ಇಲ್ಲ ಅಂತ ಕೊನೆಗೆ ವಾಪಸ್ ಬರಬೇಕಾಗುತ್ತದೆ.

ಕೊನೆಗೆ ನಿಮ್ಮ ಮನೆಯವರ ವಿಷಯ. ಒಟ್ಟಿಗೆ ಹಾಕಲು ಬರುವುದಿಲ್ಲ. ಶಿಕ್ಷಕರು ಈ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ. 1988ರಲ್ಲಿ ನಮ್ಮ ಪಕ್ಕದ ಗೋವಾದ ಶಿಕ್ಷಕಿ ಸುಂದರಾಂಬಾಳ್ ಅವರ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಅವರಿಗೆ ಇನ್ನೂ ಹತ್ತಿರದ ದಾರಿ ಇದೆ. ವಿಚಾರಣೆ ಮಾಡದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ ಅಂತ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಹೇಳುತ್ತದೆ. 94ನೇ ಕಲಂ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಮಂಡಳಿ, ಘಟ್ಟ ಹತ್ತಬೇಕಿಲ್ಲ. ಮಹಿಳೆಯಾದ್ದರಿಂದ ಉಚಿತ ವಕೀಲರೂ ಸಿಗುತ್ತಾರೆ. ಆದರೆ ಮೇಲ್ಮನವಿಗೆ ಇರುವ ಸಮಯ ಆದೇಶ ತಲುಪಿದ ದಿನದಿಂದ ಮೂರೇ ತಿಂಗಳು, ಅದರಲ್ಲಿ ಎರಡು ಆಗಲೇ ಕಳೆದಿದೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ಪತ್ರವನ್ನು ನಾಳೆ ಪೋಸ್ಟ್ ಮಾಡಿ, ಆಮೇಲೆ ನಿಮ್ಮ ಕೆಲಸ ಒಂದೆರಡು ವಾರ ಕಾಯಲಿ. ಆದೇಶದ ಪ್ರತಿ, ಅದು ಬಂದ ಲಕೋಟೆ ಹಿಡಿದುಕೊಂಡು ಈ ಸೋಮವಾರವೇ ಅವರನ್ನು ಕುಮಟಾದ ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ.